ಗೋಡೆಗೆ ಮುಖ ಮಾಡಿ ಕುಡಿದ ರಸ

ನನ್ನ ತೂಕ ಎಷ್ಟು ಅಂತ ನಾನು ಯಾರಿಗೂ ಹೇಳುವುದಿಲ್ಲ. ಇಲ್ಲಿಯೂ ಹೇಳುವುದಿಲ್ಲ. ಕಲ್ಲೋಳಿಯಲ್ಲಿ ನಾನು ಟಂಟಂ ಹತ್ತಿದರೆ ಗಾಡಿಯವನು ಹಿಂದಿನ ಸೀಟಿಗೆ ಒಬ್ಬರನ್ನು ಕಡಿಮೆ ಹತ್ತಿಸಿಕೊಳ್ಳುತ್ತಾನೆ, ಅಷ್ಟು ಹೇಳಿದರೆ ಸಾಕು. ಇದರಲ್ಲಿ ನಾಚಿಕೆಪಡುವಂಥದ್ದು ನನಗೇನೂ ಕಾಣುವುದಿಲ್ಲ. ಆ ತೂಕವೇ ನನ್ನನ್ನು ಒಂದು ದೊಡ್ಡ ಕೆಲಸಕ್ಕೆ ಸೇರಿಸಿತು. ಆ ಕೆಲಸದಲ್ಲಿ ನಾವು ಗೆದ್ದೆವು. ಗೆದ್ದದ್ದನ್ನು ಮೆಲ್ಲಗೆ ಹೇಳುವ ಸ್ವಭಾವ ನನ್ನದಲ್ಲ, ಆದ್ದರಿಂದ ಮೊದಲೇ ಹೇಳಿಬಿಟ್ಟೆ.

ಕೆಲಸ ನನ್ನ ಸೊಸೆಯದು. ಆಹಾರದ ವಿಷಯ ತೆಗೆದುಕೊಂಡು ಗೋಕಾಕದ ಕಾಲೇಜಿನಲ್ಲಿ ಓದುತ್ತಿದ್ದಳು. ಒಮ್ಮೆ ಅರ್ಧಕ್ಕೆ ಬಿಟ್ಟಿದ್ದಳು, ನನ್ನ ಮೊಮ್ಮಗಳು ಹೊಟ್ಟೆಯಲ್ಲಿದ್ದಾಗ. ಕೂಸು ನಡೆಯುವಂತಾದ ಮೇಲೆ ನಾನೇ ಅವಳನ್ನು ಮತ್ತೆ ಬಸ್ಸು ಹತ್ತಿಸಿದೆ. ರೊಟ್ಟಿ ನಾನು ಬಡಿಯುತ್ತೇನೆ, ನೀನು ಓದು ಎಂದೆ. ನನ್ನ ಅಕ್ಕನಿಗೆ ಇದು ಸೇರಲಿಲ್ಲ. ಅಕ್ಕ ಹುಕ್ಕೇರಿಯವಳು, ನನಗಿಂತ ಬಹಳ ದೊಡ್ಡವಳು. ಅವ್ವ ಹೋದ ಮೇಲೆ ತನ್ನ ತಾಟಿನಿಂದ ತುತ್ತು ಮಾಡಿ ನನ್ನನ್ನು ಬೆಳೆಸಿದವಳು. ಅದಕ್ಕೇ ಅವಳು ಏನಂದರೂ ನಾನು ಕೇಳಿಕೊಳ್ಳಬೇಕು ಎಂದು ಅವಳ ಲೆಕ್ಕ. ಒಂದು ಮದುವೆಯಲ್ಲಿ, ಬೀಗರೆಲ್ಲ ಊಟಕ್ಕೆ ಕುಳಿತಿದ್ದಾಗ, ಎಲ್ಲರಿಗೂ ಕೇಳುವಂತೆ ಅಂದಳು:

"ಒಮ್ಮೆ ಬಿಟ್ಟಾಕಿ ಇನ್ನೊಮ್ಮೆನೂ ಬಿಡ್ತಾಳ. ನೀ ಮಾತ್ರ ಸಾಯೂತನಾ ರೊಟ್ಟಿ ಬಡಕೋತ ಕುಂದ್ರು."

ನನಗೆ ತಲೆಗೆ ಏರಿತು. "ಆಕಿ ಮುಗಸ್ತಾಳ ಅಕ್ಕಾ," ಎಂದೆ. "ಮುಗಸಲಿಲ್ಲ ಅಂದ್ರ ನಾ ನಿನ್ನ ಮನಿ ಹೊಸ್ತಿಲಾ ತುಳಿಯೂದಿಲ್ಲ."

ಆಡಿದ ಮಾತು ಬೀಗರ ಎದುರಿಗೆ ಆಡಿದ್ದು. ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ.

ಕೊನೆಯ ವರ್ಷ ಸೊಸೆ ಒಂದು ಸಂಶೋಧನೆ ಮಾಡಿ ತೋರಿಸಬೇಕಾಗಿತ್ತು. ಅದಿಲ್ಲದೆ ಡಿಗ್ರಿ ಇಲ್ಲ. ಅವಳು ಆರಿಸಿಕೊಂಡದ್ದು ದಾಳಿಂಬೆ. ಮೈ ತೂಕ ಹೆಚ್ಚಿದ್ದು, ಬಿಪಿ ಏರಲು ಶುರುವಾಗಿ, ಇನ್ನೂ ಗುಳಿಗೆ ಹಿಡಿಯದವರಿಗೆ ದಿನಾ ಬೆಳಿಗ್ಗೆ ದಾಳಿಂಬೆ ರಸ ಕೊಟ್ಟರೆ ಬಿಪಿ ಇಳಿಯುತ್ತದೆಯೇ ಎಂದು ನೋಡುವುದು. ಆದರೆ ಎಲ್ಲರಿಗೂ ರಸ ಕೊಡುವುದಿಲ್ಲ. ಅರ್ಧ ಮಂದಿಗೆ ರಸ, ಇನ್ನರ್ಧ ಮಂದಿಗೆ ಅದೇ ಬಣ್ಣದ, ಹೆಚ್ಚುಕಡಿಮೆ ಅದೇ ರುಚಿಯ ಹುಳಿಸಿಹಿ ನೀರು. ಬಾಟಲಿ ಒಂದೇ ತರಹ, ಮೇಲೆ ನಮ್ಮ ನಮ್ಮ ನಂಬರು. ಯಾವುದರಲ್ಲಿ ಏನಿದೆ ಎಂದು ಗೋಕಾಕದಲ್ಲಿ ಅವಳಿಗೆ ಕಲಿಸುವ ಮೇಡಂ ಒಬ್ಬರಿಗೇ ಗೊತ್ತು. ಸೊಸೆಗೂ ಗೊತ್ತಿಲ್ಲ, ಬಿಪಿ ನೋಡಲು ಮೂಡಲಗಿಯಿಂದ ಬರುವ ನರ್ಸಬಾಯಿಗೂ ಗೊತ್ತಿಲ್ಲ. ಮನೆಯವರನ್ನು ಸೇರಿಸಿಕೊಳ್ಳಬಹುದೇ ಎಂದು ಅವಳು ಕೇಳಿದ್ದಳಂತೆ. ಏನು ಕೊಡುತ್ತೀ ಎಂದು ನಿನಗೇ ಗೊತ್ತಿಲ್ಲದ ಮೇಲೆ ಅತ್ತೆಯಾದರೇನು, ಪರರಾದರೇನು ಎಂದು ಮೇಡಂ ನಕ್ಕರಂತೆ.

"ಬಣ್ಣದ ನೀರ ಯಾಕ ಬೇ? ಎಲ್ಲಾರಿಗೂ ರಸಾನ ಕೊಟ್ರ ಏನ ಗಂಟ ಹೋಗತೈತಿ?" ಎಂದು ನಾನು ಕೇಳಿದೆ.

"ಎಲ್ಲಾರಿಗೂ ರಸಾನ ಕೊಟ್ರ, ಬಿಪಿ ರಸದಿಂದ ಇಳೀತೋ, ರಸಾ ಕುಡದೇನಿ ಅನ್ನೂ ಖುಷಿಗೆ ಇಳೀತೋ ತಿಳಿಯೂದಿಲ್ಲರಿ ಅತ್ತಿ," ಎಂದಳು ಸೊಸೆ.

ನಾನು ತಲೆಯಾಡಿಸಿದೆ. ಮಾತು ಕಿವಿಯಲ್ಲಿ ಹೋಯಿತು, ಒಳಗೆ ಇಳಿಯಲಿಲ್ಲ.

ನಮ್ಮ ಪಡಸಾಲೆಯಲ್ಲಿ ತೂಕದ ಮಿಷನ್ ಇಟ್ಟ ದಿನ ಜಾತ್ರೆಯೇ ನೆರೆಯಿತು. ಗಂಡಸರು ಬಂದರು, ತಮ್ಮದು ಹೊಟ್ಟೆಯೇ ಅಲ್ಲ, ಗಾಳಿ ತುಂಬಿದ್ದು ಎಂದು ವಾದ ಮಾಡಿ ಹೋದರು. ಹೆಂಗಸರು ಉಳಿದೆವು. ಅಕ್ಕಪಕ್ಕದ ಓಣಿಗಳ ದಪ್ಪನೆಯ ಹೆಣ್ಣುಮಕ್ಕಳೆಲ್ಲ ಒಂದು ಕಡೆ ಕೂಡಿದ್ದು ಅದೇ ಮೊದಲು. ನಗೆಯೋ ನಗೆ. ಆಯ್ಕೆಯಾದವರ ಮುಖ ನೋಡಬೇಕಿತ್ತು, ಪಂಚಾಯ್ತಿ ಎಲೆಕ್ಷನ್ ಗೆದ್ದವರ ಹಾಗೆ ಓಡಾಡಿದೆವು. ಬಾಜೂ ಮನೆಯವಳೊಬ್ಬಳು ಮಾತ್ರ ಬಡಕಲು ಜೀವ. ಮಿಷನ್ ಮೇಲೆ ನಿಂತಳು, ನರ್ಸಬಾಯಿ ಆಗುವುದಿಲ್ಲ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಉಡಿಯಲ್ಲಿ ಗೋಧಿ ಕಟ್ಟಿಕೊಂಡು ಬಂದು ಮತ್ತೆ ನಿಂತಳು. ನರ್ಸಬಾಯಿ ಗೋಧಿ ಇಳಿಸಿ ಮನೆಗೆ ಕಳಿಸಿದಳು. ಪಾಪ, ಅವಳಿಗೆ ಅದು ದೊಡ್ಡ ಅವಮಾನವಾಯಿತು.

ಅಲ್ಲಿಂದಲೇ ಎಲ್ಲ ಕೆಟ್ಟದ್ದು.

ಮೊದಲ ದಿನ ಬೆಳಿಗ್ಗೆ ಸೊಸೆ ಗೋಕಾಕದ ಬಸ್ಸಿಗೆ ಹೋದಳು. ಅವಳು ಗೋಕಾಕದಿಂದ ತಂದಿಟ್ಟ ಬಾಟಲಿಗಳು ನಮ್ಮ ಮನೆಯ ಫ್ರಿಜ್ಜಿನಲ್ಲಿದ್ದವು. ಎಲ್ಲರೂ ಬಂದು ತಂತಮ್ಮ ನಂಬರು ನೋಡಿ ಒಯ್ದು ಬಸವಣ್ಣನ ಗುಡಿ ಕಟ್ಟೆಯ ಮೇಲೆ ಕುಳಿತರು. ಬಾಜೂ ಮನೆಯವಳೂ ಬಂದು ನಮ್ಮೆದುರಿಗೆ ಕೈ ಮಡಚಿ ಕುಳಿತಳು. ಏನೂ ಕೇಳಲಿಲ್ಲ. ಕೇಳಿದ್ದರೆ ಬೈದು ಕಳಿಸಬಹುದಿತ್ತು. ನನ್ನ ಜೀವದ ಗೆಳತಿ ಒಬ್ಬಳಿದ್ದಾಳೆ, ಕುರಿ ಸಾಕಿದ ಮನೆಯವಳು, ಗಂಡಸರಿಗಿಂತ ಗಟ್ಟಿ ದನಿ. ಅವಳು ಮುಚ್ಚಳ ತೆಗೆದ ಬಾಟಲಿಯನ್ನು ಕೆಳಗಿಟ್ಟುಬಿಟ್ಟಳು.

"ಎದುರಿಗೆ ಕುಂತಾಕಿ ಬಾಯಿ ನೋಡಕೋತ ನಾ ಹೆಂಗ ಕುಡೀಲಿ? ಗಂಟಲದಾಗ ಇಳಿಯೂದಿಲ್ಲ ನನಗ."

ನಮ್ಮ ಓಣಿಯ ಪದ್ಧತಿ ಹೇಳಬೇಕು. ಹೊಸದಾಗಿ ಏನು ಬಂದರೂ, ಎಮ್ಮೆ ಈದ ಮೇಲಿನ ಗಿಣ್ಣವಾಗಲಿ, ಗಾಣದಿಂದ ಬಂದ ಕಬ್ಬಿನ ಹಾಲಾಗಲಿ, ಗುಡಿಯ ಕಟ್ಟೆಗೆ ಬರುತ್ತದೆ. ಒಂದೇ ಪಾತ್ರೆಗೆ ಸುರಿದು, ಬಸವಣ್ಣನಿಗೆ ತೋರಿಸಿ, ಅಲ್ಲಿ ಯಾರಿದ್ದಾರೋ ಅವರಿಗೆಲ್ಲ ಸೌಟಿನಿಂದ ಹಂಚುವುದು. ನಮ್ಮ ಅತ್ತೆಯರು ಹೀಗೇ ಮಾಡಿದರು, ನಾವೂ ಹೀಗೇ. ಒಬ್ಬರು ಕುಡಿಯುವುದು, ಇನ್ನೊಬ್ಬರು ನೋಡುವುದು ನಮಗೆ ಗೊತ್ತಿಲ್ಲದ ವಿದ್ಯೆ. ನಾನು ಮನೆಗೆ ಹೋಗಿ ದೊಡ್ಡ ಬೋಗುಣಿ ತಂದೆ. ಎಲ್ಲ ಬಾಟಲಿ ಸುರಿದೆವು. ಒಂದಿಷ್ಟು ಯಾಲಕ್ಕಿ, ಒಂದು ಚಿಟಿಕೆ ಕರಿ ಉಪ್ಪು. ರುಚಿ ಇನ್ನೂ ಏರಿತು. ಬಡಕಲು ಜೀವಕ್ಕೂ ಒಂದು ಲೋಟ ಸಿಕ್ಕಿತು, ಹಾಲು ಕೊಡಲು ಹೊರಟವರಿಗೂ ಸಿಕ್ಕಿತು, ಹೊಟ್ಟೆಯಲ್ಲಿ ಗಾಳಿ ತುಂಬಿದ ಗಂಡಸರೂ ಲೋಟ ಹಿಡಿದು ಬಂದರು. ಎಲ್ಲರ ಮನಸ್ಸೂ ತಂಪಾಯಿತು.

ಸೊಸೆ ಬಸ್ಸಿಗೆ ಹೋದ ಮೇಲೆ ದಿನಾ ಹೀಗೇ, ಒಂದು ತಿಂಗಳ ಮೇಲೆ ನಡೆಯಿತು. ನರ್ಸಬಾಯಿ ಬಂದು ತೋಳಿಗೆ ಪಟ್ಟಿ ಕಟ್ಟಿ ದಿನಾ ಕುಡಿಯುತ್ತೀರೇನ್ರಿ ಎಂದರೆ ದಿನಾ ಕುಡಿಯುತ್ತೇವೆ ಎಂದೆವು. ಸುಳ್ಳೇನಲ್ಲ.

ಒಂದು ಬೆಳಿಗ್ಗೆ ಬಸ್ಸು ಕೆಟ್ಟು ನಿಂತು ಸೊಸೆ ತಿರುಗಿ ಬಂದಳು. ಬಂದವಳು ಕಂಡದ್ದು ನನ್ನ ಕೈಯಲ್ಲಿ ಸೌಟು, ಎದುರಿಗೆ ಲೋಟ ಹಿಡಿದ ಸಾಲು, ಸಾಲಿನಲ್ಲಿ ಅವಳ ಗಂಡನೂ.

"ಅತ್ತೀ, ಇದ ಯಾರ ಬಾಟಲಿದರಿ?"

"ಎಲ್ಲಾರದೂ ಕೂಡೇತಿ. ತಗೋ, ನೀನೂ ಕುಡಿ," ಎಂದು ನಾನು ಪ್ರೀತಿಯಿಂದಲೇ ಒಂದು ಲೋಟ ಕೊಟ್ಟೆ.

ಅತ್ತೆ ಕೊಟ್ಟದ್ದು ಎಂದು ತೆಗೆದುಕೊಂಡಳು. ಕುಡಿಯಲಿಲ್ಲ. ಕಟ್ಟೆಯ ಮೇಲೆ ಕುಳಿತಳು, ಕಣ್ಣೀರು ಬಳಬಳ ಇಳಿಯತೊಡಗಿತು. "ಎಲ್ಲಾ ಹೋತರಿ ಅತ್ತಿ," ಎಂದಳು. ರಸವೂ ನೀರೂ ಒಂದೇ ಬೋಗುಣಿಯಲ್ಲಿ ಕೂಡಿದ ಮೇಲೆ ಯಾರ ಬಿಪಿ ಯಾವುದರಿಂದ ಏನಾಯಿತು ಎಂದು ಯಾವ ಮೇಡಮ್ಮೂ ಹೇಳಲಾರರು ಎಂದು ಅಲ್ಲಿಯೇ ಬಿಡಿಸಿ ಹೇಳಿದಳು. ಈಗ ಮಾತು ನನಗೆ ಒಳಗೆ ಇಳಿಯಿತು. ಇಳಿದದ್ದೇ ಸಿಟ್ಟು ಬಂತು. ಕೊಡದೆ ಕುಡಿ ಎನ್ನುವುದು ಎಂಥ ಓದು ಎಂದು ಬೈದೆ. ಬೈದು ಮುಗಿದ ಮೇಲೆ ಹುಕ್ಕೇರಿಯ ಅಕ್ಕನ ಮುಖ ಕಣ್ಣೆದುರಿಗೆ ಬಂತು. ಸೌಟು ಕೆಳಗಿಟ್ಟೆ.

ಮರುದಿನ ಸೊಸೆಯ ಸಂಗಡ ನಾನೇ ಗೋಕಾಕಕ್ಕೆ ಹೋದೆ. ಮೇಡಂ ಕೋಣೆಯಲ್ಲಿದ್ದ ಕೈಯಿರುವ ಕುರ್ಚಿಯಲ್ಲಿ ನಾನು ಹಿಡಿಸಲಿಲ್ಲ, ಬೇರೆ ಸ್ಟೂಲು ತರಿಸಿದರು. ನಾನು ನಡೆದದ್ದನ್ನು ಹೇಳಿದಾಗ ಅವರು ಮೊದಲು ನಕ್ಕರು, ಆಮೇಲೆ ಗಂಭೀರವಾದರು. ಹೊಸ ಬಾಟಲಿಗಳನ್ನು ಕೊಡುತ್ತೇನೆ, ಮೊದಲಿನಿಂದ ಶುರು ಮಾಡಿ, ಆದರೆ ಇನ್ನು ಒಂದೇ ಸಲಕ್ಕೆ ಸಮಯವಿದೆ ಎಂದರು. ಅದೂ ಕೆಟ್ಟರೆ ಈ ಓದು ಇಲ್ಲಿಗೇ ನಿಲ್ಲುತ್ತದೆ.

"ಈ ಸರ್ತಿ ಒಂದ ಹನಿ ಹೆಚ್ಚುಕಮ್ಮಿ ಆದ್ರ ನನ್ನ ಕೇಳ್ರಿ," ಎಂದು ನಾನು ಎದ್ದೆ. ಬರುವಾಗ ಓಣಿಯವರಿಗೆಂದು ಪೇಟೆಯಲ್ಲಿ ಕರದಂಟು ಕೊಂಡೆ. ಸೊಸೆ ನನ್ನ ಕಡೆ ನೋಡುತ್ತಲೇ ಇದ್ದದ್ದಕ್ಕೆ ಬಸ್ಸಿನಲ್ಲಿ ನಾನು ಒಂದೇ ತುಂಡು ತಿಂದೆ.

ಓಣಿಯವರೆಲ್ಲ ಬಸವಣ್ಣನ ಮೇಲೆ ಕೈಯಿಟ್ಟು ಇನ್ನು ಹಂಚುವುದಿಲ್ಲ ಎಂದರು. ಆದರೆ ಅದು ಹೇಳಿದಷ್ಟು ಸುಲಭವಿರಲಿಲ್ಲ. ಮನೆಗೆ ಒಯ್ದು ಕುಡಿಯಿರಿ ಎಂದರೆ ಮನೆಯಲ್ಲಿ ಮೊಮ್ಮಕ್ಕಳು ಬಾಯಿ ತೆರೆದು ನಿಲ್ಲುತ್ತವೆ. ಕಟ್ಟೆಯಲ್ಲಿ ಕುಡಿಯಿರಿ ಎಂದರೆ ಬಾಜೂದವಳ ಮುಖ ನೋಡಿ ಕೈ ತಾನೇ ಮುಂದೆ ಚಾಚುತ್ತದೆ. ಹೊಸ ಬಾಟಲಿ ಶುರುವಾಗುವ ಮುಂಚೆ ಬರೀ ಮಜ್ಜಿಗೆ ಕೊಟ್ಟು ನೋಡಿದೆ. ಅದನ್ನೂ ನನ್ನ ಗೆಳತಿ ಅರ್ಧ ಕುಡಿದು ಅರ್ಧ ಬಾಜೂದವಳಿಗೆ ದಾಟಿಸಿದಳು. ನನಗೆ ನಖಶಿಖಾಂತ ಉರಿಯಿತು. ಕಣ್ಣಿಗೆ ಕಂಡದ್ದಕ್ಕೆ ತಾನೇ ಕೈ ಮುಂದಾಗುವುದು ಎಂದು ಆಗ ಹೊಳೆಯಿತು.

"ಎಲ್ಲಾರೂ ಏಳ್ರಿ," ಎಂದೆ. "ಗುಡಿ ಹಿಂದ ನಡೀರಿ. ಗೋಡೆಗೆ ಮುಖ ಮಾಡಿ ಕುಂದರ್ರಿ, ತಲಿ ಮ್ಯಾಲ ಸೆರಗ ಹಾಕ್ರಿ. ಯಾರೂ ಕಾಣೂದಿಲ್ಲ ಅಂದ್ರ ಯಾರಿಗೂ ಕೊಡೂದಿಲ್ಲ."

ಬಾಜೂ ಮನೆಯವಳಿಗೂ ಕೆಲಸ ಕೊಟ್ಟೆ. ನಮ್ಮ ಬೆನ್ನ ಹಿಂದೆ ಕೋಲು ಹಿಡಿದು ನಿಲ್ಲುವುದು, ಬಾಟಲಿ ಕೈಯಿಂದ ಕೈಗೆ ಹೋಗದಂತೆ ನೋಡುವುದು, ಕುಡಿದಾದ ಮೇಲೆ ಬೋರಲು ಹಾಕಿಸಿ ಹನಿ ಉಳಿದಿಲ್ಲ ಎಂದು ಖಾತ್ರಿ ಮಾಡುವುದು. ಬದಲಿಗೆ ಅವಳಿಗೆ ನಮ್ಮ ಮನೆಯಲ್ಲಿ ಚಹಾ. ಆಹಾ, ಏನು ಅಧಿಕಾರ ನಡೆಸಿದಳು ಅವಳು. ಮಿಷನ್ ಮೇಲಿಂದ ಇಳಿಸಿದ್ದಕ್ಕೆ ನಮ್ಮೆಲ್ಲರ ಮೇಲೆ ಸೇಡು ತೀರಿಸಿಕೊಂಡಳು. ಹೊಲಕ್ಕೆ ಹೋಗುವವರು ನಿಂತು ನೋಡಿ ನಗುತ್ತಿದ್ದರು. ಇಡೀ ಗೋಡೆಯ ಉದ್ದಕ್ಕೂ ಅಗಲವಾದ ಬೆನ್ನುಗಳು, ಹಿಂದೆ ಕೋಲು ಹಿಡಿದ ಕಡ್ಡಿಯಂಥವಳೊಬ್ಬಳು.

ಮತ್ತು ನನಗೆ ಗುಣ ಕಾಣತೊಡಗಿತು. ಮೈ ಹಗುರಾಯಿತು, ತಲೆ ಸುತ್ತು ನಿಂತಿತು, ಮಾಳಿಗೆಯ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದೆ. ನನ್ನದು ಅಸಲಿ ರಸವೇ ಎಂದು ಓಣಿಯೆಲ್ಲ ಹೇಳಿಕೊಂಡು ತಿರುಗಿದೆ. ಗೆಳತಿ ಮಾತ್ರ ತನಗೇನೂ ಅನ್ನಿಸುವುದಿಲ್ಲ, ತನ್ನದು ಬಣ್ಣದ ನೀರೇ ಇರಬೇಕು ಎಂದು ಗೊಣಗುತ್ತಿದ್ದಳು. ಅವಳನ್ನು ಸಮಾಧಾನ ಮಾಡುವುದೂ ನನ್ನ ಕೆಲಸವಾಯಿತು.

ಇನ್ನೇನು ಬಾಟಲಿಗಳು ಮುಗಿಯುವ ಹೊತ್ತಿಗೆ ಅಕ್ಕ ಬಂದಳು. ಮೂಡಲಗಿಯಲ್ಲಿ ಯಾವುದೋ ಮದುವೆಗೆ ಹೊರಟ ಜೀಪಿನಲ್ಲಿ ಹುಕ್ಕೇರಿಯಿಂದ ನಸುಕಿನಲ್ಲೇ ಬಿಟ್ಟು, ತಂಗಿಯನ್ನು ನೋಡಿ ಹೋಗೋಣ ಎಂದು ಇಳಿದಿದ್ದಾಳೆ. ಮನೆಯಲ್ಲಿ ನಾನಿಲ್ಲ. ನೇರ ಗುಡಿಯ ಹಿಂದಕ್ಕೆ ಬಂದಳು. ನಮ್ಮ ಸಾಲು ನೋಡಿ ಹೊಟ್ಟೆ ಹಿಡಿದು ನಕ್ಕಳು. ನಕ್ಕು ನನ್ನ ಪಕ್ಕದಲ್ಲೇ ಕುಳಿತಳು.

"ಇದ ಏನ ನಿನ್ನ ಸೊಸಿ ಔಷಧ? ಕೊಡ ಇಲ್ಲೆ ಒಂದ ಗುಟುಕ. ದಾರ್ಯಾಗ ಗಂಟಲಾ ಒಣಗೇತಿ."

ಬಾಟಲಿ ನನ್ನ ಕೈಯಲ್ಲಿ ಅರ್ಧ ಇತ್ತು. ಹಿಂದಿನಿಂದ ಬಾಜೂ ಮನೆಯವಳು, "ಅದ ಆಗೂದಿಲ್ಲರಿ ಅಕ್ಕಾರ," ಎಂದಳು.

"ನಾ ನಿನ್ನ ಕೇಳಿಲ್ಲ. ನನ್ನ ತಂಗೀನ ಕೇಳೇನಿ," ಎಂದಳು ಅಕ್ಕ, ಕೈ ಚಾಚಿಕೊಂಡೇ.

ಆ ಕೈ ನನಗೆ ತುತ್ತು ಇಟ್ಟ ಕೈ. ಹಸಿದಿದ್ದೇನೆ ಎಂದು ನಾನು ಬಾಯಿ ತೆರೆಯುವ ಮುಂಚೆ ಮುಂದೆ ಬರುತ್ತಿದ್ದ ಕೈ. ಒಂದು ಗುಟುಕಿನಿಂದ ಏನಾಗುತ್ತದೆ ಎಂದು ಮನಸ್ಸು ಹೇಳಿತು. ಸೊಸೆ ಊರಲ್ಲಿಲ್ಲ, ಬಾಜೂದವಳನ್ನು ಗದರಿಸಿದರೆ ಸುಮ್ಮನಾಗುತ್ತಾಳೆ. ಆದರೆ ಈ ಸಾಲಿನಲ್ಲಿ ನಾನೇ ಕೊಟ್ಟರೆ ನಾಳೆ ಇನ್ನು ಯಾರನ್ನು ತಡೆಯಲಿ? ಗೋಡೆಯ ಕಡೆ ತಿರುಗಿ ಅಷ್ಟನ್ನೂ ಒಂದೇ ಸಲಕ್ಕೆ ಎತ್ತಿ ಕುಡಿದೆ. ಬಾಟಲಿ ಬೋರಲು ಹಾಕಿ, "ಮನಿಗೆ ನಡಿ ಅಕ್ಕಾ, ಶಿರಾ ಮಾಡ್ತೇನಿ," ಎಂದೆ.

ಅಕ್ಕ ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು. "ಒಂದ ಗುಟುಕ ಇಲ್ಲ ಅಂದ ಮನ್ಯಾಗ ಶಿರಾ ತಿನ್ನಾಕ ನಾ ಬಂದಿಲ್ಲ," ಎಂದು ಹೊರಟೇ ಹೋದಳು. ತಿರುಗಿ ನೋಡಲಿಲ್ಲ. ನಾನು ಗುಡಿಯ ಗೋಡೆಗೆ ತಲೆಯಿಟ್ಟು ಅತ್ತೆ. ಯಾರು ನೋಡಿದರೇನು, ಜೋರಾಗಿಯೇ ಅತ್ತೆ.

ಸಂಜೆ ಸೊಸೆಗೆ ಸುದ್ದಿ ಮುಟ್ಟಿತು. ಒಳಗೆ ಬಂದು ನನ್ನ ಕೈಯಿಂದ ಹಿಟ್ಟು ಕಸಿದುಕೊಂಡು ತಾನೇ ರೊಟ್ಟಿ ಬಡಿದಳು.

"ಒಂದ ಗುಟುಕ ಕೊಟ್ಟಿದ್ರ ನನಗೇನ ತಿಳೀತಿತ್ತರಿ ಅತ್ತಿ?" ಎಂದಳು, ತವೆಯ ಮೇಲಿಂದ ಕಣ್ಣು ತೆಗೆಯದೆ.

"ನನಗ ತಿಳೀತಿತ್ತು," ಎಂದೆ.

ಬಾಟಲಿ ಮುಗಿದವು. ನರ್ಸಬಾಯಿ ಕೊನೆಯ ಸಲ ಎಲ್ಲರ ತೋಳಿಗೆ ಪಟ್ಟಿ ಕಟ್ಟಿ ಹೋದಳು. ಸೊಸೆ ಎಲ್ಲವನ್ನೂ ಬರೆದು, ಮೇಡಂ ನಂಬರಿನ ಗುಟ್ಟು ಬಿಟ್ಟುಕೊಟ್ಟ ಮೇಲೆ ಕೂಡಿಸಿ ಕಳೆದು, ಪರೀಕ್ಷೆಯ ದಿನ ನಮ್ಮನ್ನೂ ಗೋಕಾಕಕ್ಕೆ ಕರೆದಳು. ಒಂದು ಟೆಂಪೋ ಮಾಡಿಕೊಂಡು ಓಣಿಗೆ ಓಣಿಯೇ ಹೋದೆವು, ಕೋಲಿನವಳು ಡ್ರೈವರ್ ಬಾಜೂ ಕುಳಿತಳು. ಕಾಲೇಜಿನ ಹಾಲ್ ತುಂಬಿತು. ಮುಂದೆ ಮೇಡಂ, ಅವರ ಪಕ್ಕದಲ್ಲಿ ಬೇರೆ ಊರಿನಿಂದ ಪರೀಕ್ಷೆ ಮಾಡಲು ಬಂದ ಹಿರಿಯರೊಬ್ಬರು. ಸೊಸೆ ಎದ್ದು ನಿಂತಳು. ಹಾಳೆಗಳನ್ನು ಮೇಜಿನ ಮೇಲಿಟ್ಟು ಮಾತು ಶುರು ಮಾಡಿದಳು.

ರಸ ಕುಡಿದವರ ಬಿಪಿ ಇಳಿದಿತ್ತು. ಬಹಳ ಅಲ್ಲ, ಆದರೆ ಎದ್ದು ಕಾಣುವಷ್ಟು. ನೀರು ಕುಡಿದವರದು ಇದ್ದಲ್ಲೇ ಇತ್ತು. ಹೀಗೆಂದು ಯಾರೂ ಗುಳಿಗೆ ಬಿಟ್ಟು ದಾಳಿಂಬೆ ಹಿಡಿಯಬಾರದು, ಇನ್ನೂ ಹೆಚ್ಚು ಜನರಲ್ಲಿ ನೋಡಬೇಕು ಎಂದೂ ಹೇಳಿದಳು. ಆಮೇಲೆ ಮೇಡಂ ನಮ್ಮ ನಂಬರು ಓದಿದರು. ನನ್ನ ಗೆಳತಿಯದು ರಸ. ನನ್ನದು ನೀರು.

ಸಾಲಿನಲ್ಲಿದ್ದ ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಗೆಳತಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. "ಒಂದ ಉಸರಿಗೆ ಮಾಳಗಿ ಹತ್ತಿದಾಕಿ," ಎಂದು ಯಾರೋ ಪಿಸುಗುಟ್ಟಿದರು, ಹಾಲ್ ಎಲ್ಲ ನಗೆ. ನನಗೆ ಮುಖ ಎಲ್ಲಿಡಲಿ ಎನ್ನಿಸಿತು. ಬಣ್ಣದ ನೀರಿಗಾಗಿ ಅಕ್ಕನನ್ನು ಕಳೆದುಕೊಂಡೆನಲ್ಲ.

ಆಗ ಆ ಹಿರಿಯರು ಕೇಳಿದರು. ಹಳ್ಳಿಯಲ್ಲಿ ಹಂಚಿ ಕುಡಿಯುವವರೇ ಎಲ್ಲ. ಇವರು ಹಂಚಿಕೊಳ್ಳಲಿಲ್ಲ ಎಂದು ನಾವು ಹೇಗೆ ನಂಬಬೇಕು?

ಸೊಸೆ ಮೊದಲ ಸಲದ ಬೋಗುಣಿಯನ್ನು ಮುಚ್ಚಿಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಮೇಲೆ ಗೋಡೆಯ ಮಾತು ಹೇಳಿದಳು. ಕೊನೆಗೆ ನನ್ನ ಕಡೆ ನೋಡಿ, "ಸರ್, ಅಲ್ಲಿ ಕುಂತವರು ನಮ್ಮ ಅತ್ತಿ. ಆ ನೀರಿನ ಬಾಟಲಿಯೊಳಗಿನ ಒಂದ ಗುಟುಕ ಅವರು ತಮ್ಮನ್ನ ಸಾಕಿದ ಅಕ್ಕಗೂ ಕೊಡಲಿಲ್ಲರಿ," ಎಂದಳು.

ನಗೆ ನಿಂತಿತು. ಹಿರಿಯರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಖರೆ ಏನ್ರಿ?"

"ಖರೆರಿ," ಎಂದೆ. ಎದ್ದು ನಿಂತೇ ಹೇಳಿದೆ.

"ಹಂಗಾದ್ರ ರಸಕ್ಕ ಸಾಕ್ಷಿ ನೀವ ಆದ್ರಿ," ಎಂದರು ಅವರು. "ನೀವು ನೀರ ಸರಿಯಾಗಿ ಕುಡೀಲಿಲ್ಲ ಅಂದ್ರ ಇವರ ರಸದ ಮಾತಿಗೆ ಬೆಲೆ ಇರತಿರಲಿಲ್ಲ." ಎದ್ದು ಕೈ ಮುಗಿದರು. ನನ್ನ ಜೀವಮಾನದಲ್ಲಿ ನನಗೆ ಹಾಗೆ ಕೈ ಮುಗಿದವರು ಇನ್ನೊಬ್ಬರಿಲ್ಲ. ಬಣ್ಣದ ನೀರು ಯಾಕೆ ಎಂದು ಕೇಳಿದ್ದಕ್ಕೆ ಸೊಸೆ ಹೇಳಿದ್ದ ಮಾತು ಅವತ್ತು ಪೂರಾ ಒಳಗೆ ಇಳಿಯಿತು.

ಸೊಸೆ ಪಾಸಾದಳು. ಕಾಲೇಜಿನ ಅಂಗಳದಲ್ಲೇ ನಮ್ಮ ಓಣಿಯವರು ಅವಳನ್ನು ಎತ್ತಿ ಕುಣಿಸಿದರು. ಎತ್ತುವ ಕೈಗಳೇನು ಸಣ್ಣವೇ? ನನ್ನ ಬಿಪಿಯ ಕಥೆ ಬೇರೆ. ಮರುದಿನವೇ ಸೊಸೆ ನನ್ನನ್ನು ಮೂಡಲಗಿಯ ಡಾಕ್ಟರ ಹತ್ತಿರ ಕೂರಿಸಿ ಗುಳಿಗೆ ಶುರು ಮಾಡಿಸಿದಳು. ಈಗ ಇಳಿದಿದೆ. ತೂಕ ಮಾತ್ರ ಹೇಳುವುದಿಲ್ಲ ಅಂದೆನಲ್ಲ.

ಆ ವಾರವೇ ಸೊಸೆಯನ್ನು ಕರೆದುಕೊಂಡು ಹುಕ್ಕೇರಿಗೆ ಹೋದೆ. ಹೊಸ್ತಿಲು ತುಳಿದೇ ಒಳಗೆ ಹೋದೆ, ಎರಡೂ ಕಾಲಿಟ್ಟು. ಅಕ್ಕ ಮಂಚದ ಮೇಲೆ ಕುಳಿತಿದ್ದಳು, ಬಾ ಎನ್ನಲಿಲ್ಲ. ಮೇಡಂ ಹತ್ತಿರ ನನ್ನ ನಂಬರಿನದು ಒಂದು ಬಾಟಲಿ ಉಳಿದಿತ್ತು, ಕೇಳಿ ತಂದಿದ್ದೆ. ಚೀಲದಿಂದ ತೆಗೆದು ಅವಳ ಕೈಗೆ ಕೊಟ್ಟೆ.

"ನೀ ಕೇಳಿದ್ದಿ. ತಂದೇನಿ."

ಅಕ್ಕ ಬಾಟಲಿ ನೋಡಿದಳು, ನನ್ನನ್ನು ನೋಡಿದಳು. ಮುಚ್ಚಳ ತೆಗೆದು ಒಂದು ಗುಟುಕು ಕುಡಿದು ಬಾಯಲ್ಲಿ ಹೊರಳಿಸಿದಳು.

"ಇದರಾಗ ಏನೈತಿ? ಬರೇ ನೀರ ಐತಲ್ಲ."

"ಹೌದ. ಆ ನೀರನ್ನ ನಿನಗ ಇಲ್ಲ ಅಂದಿದ್ದೆ," ಎಂದೆ.

ಅಕ್ಕ ಬಾಟಲಿಗೆ ಮುಚ್ಚಳ ಹಾಕಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಸೊಸೆಯ ಕಡೆ ತಿರುಗಿದಳು. "ಮುಗಸಿದೇನ ಯವ್ವಾ?"

"ಮುಗಸಿದೆನರಿ ದೊಡ್ಡಮ್ಮಾರ."

ಅಕ್ಕ ಎದ್ದು ಒಳಗೆ ಹೋದಳು. ಮೂರು ಲೋಟ ತಂದು ನೆಲದ ಮೇಲಿಟ್ಟು ಉಳಿದದ್ದನ್ನು ಸಮ ಮಾಡಿ ಸುರಿದಳು. "ಬಾ, ಇಲ್ಲೆ ನನ್ನ ಎದುರಿಗೆ ಕುಂದ್ರು," ಎಂದು ಸೊಸೆಯನ್ನು ಕರೆದು ಮೊದಲ ಲೋಟ ಅವಳ ಕೈಗೆ ಕೊಟ್ಟಳು. ಮೂವರೂ ಮುಖ ಮುಖ ನೋಡಿಕೊಂಡು ಆ ನೀರು ಕುಡಿದೆವು.